ಅಮ್ಮನಿಗೆ ಜಾಗ ಇದೆಯಾ

ನಮ್ಮನೆ ಜಗಲಿ ತುಂಬಾ ಈಗ ಪೇಂಟಿನ ವಾಸನೆ. ಸೆರಗಲ್ಲಿ ಮೂಗು ಮುಚ್ಕೊಂಡು ಓಡಾಡ್ತಿರೋ ನನ್ನ ಹೆಂಡ್ತಿ ಮದಲೇನಾ, ಇದು ಒಣಗೋ ಹೊತ್ತಿಗೆ ನಾನು ಸ್ವರ್ಗ ಸೇರಿರ್ತೀನಿ ಅಂತ ಗೊಣಗ್ತಾಳೆ. ಸ್ವರ್ಗಾನೇ ಅಂತ ಅಷ್ಟು ಗ್ಯಾರಂಟಿಯಾಗಿ ಹೆಂಗೆ ಹೇಳ್ತೀಯೇ ಅಂತ ಕೇಳಿದ್ರೆ, ನಿಮ್ಮ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಲ್ಲ, ಶುದ್ಧೀಕರಣ ಎಲ್ಲಾ ಇಲ್ಲೇ ಮುಗ್ದೋಯ್ತು ಅಂತಾಳೆ. ಇರ್ಲಿ. ಆ ಪೇಂಟಿನ ಜೊತೆ ಬಟ್ಟಲಲ್ಲಿ ಟರ್ಪೆಂಟೈನ್ ಇಟ್ಟಿದಾನೆ ಪೇಂಟರ್ರು. ಅದರ ಘಾಟು ಮೂಗಿಗೆ ಬಡೀತು ಅಂದ್ರೆ ಸಾಕು, ನಾನು ಸೀದಾ ಕೊರೋನಾ ಎರಡನೇ ಅಲೆಯ ಮೇ ತಿಂಗಳಲ್ಲಿ ಹೋಗಿ ನಿಂತಿರ್ತೀನಿ. ಆಗ ನಮ್ಮ ಬೀದಿ ಪೂರ್ತಿ ಇಂಥದ್ದೇ ಘಾಟು. ಪೇಂಟಿಂದಲ್ಲ, ಸ್ಯಾನಿಟೈಸರ್‌ದು.

ನನ್ನ ಗೊತ್ತಿಲ್ಲದವರು ಬ್ಯಾಟರಾಯನಪುರದಿಂದ ಕೆಂಪಾಪುರದವರೆಗೂ ಯಾರೂ ಇಲ್ಲ. ಆದ್ರೂ ಹೇಳ್ತೀನಿ. ಹೆಸರು ಚೌರಪ್ಪ. ಕ್ರಿಸ್ಮಸ್‌ನಲ್ಲಿ ಹತ್ತಿ ಗಡ್ಡ ಅಂಟಿಸ್ಕೊಂಡು ಕ್ರಿಸ್ಮಸ್ ತಾತ ಆಗ್ತಿದ್ದವನು ನಾನೇ. ಏಪ್ರಿಲ್ ಒಂದನೇ ತಾರೀಖು ಮಹಾಧರ್ಮಾಧ್ಯಕ್ಷರು ಬರ್ತಿದಾರೆ ಅಂತ ಸುದ್ದಿ ಹಬ್ಸಿ, ಇಡೀ ಬೀದಿ ಗುಡಿಸಿ ನೀರು ಹಾಕಿ ರಂಗೋಲಿ ಬಿಡೋ ಹಂಗೆ ಮಾಡಿದವನೂ ನಾನೇ. ಕಾರ್ಪೊರೇಷನ್‌ನವರ ಕೈಲಿ ವರ್ಷಾನುಗಟ್ಲೆ ಆಗದ ಕೆಲಸ ಅದು. ಅದಕ್ಕೆ ನನಗೆ ಯಾರೂ ಹಾರ ಹಾಕ್ಲಿಲ್ಲ, ಬೈಗಳ ಹಾಕಿದ್ರು.

ಇಂಥ ಎಲ್ಲಾ ಘನಕಾರ್ಯದಲ್ಲೂ ನನಗೆ ಜೋಡಿ ರಾಯಪ್ಪ. ನಾವಿಬ್ರೂ ಚಿಕ್ಕಂದಲ್ಲಿ ಚರ್ಚಲ್ಲಿ ಒಂದೇ ದಿನ ಹೊಸ ಪರಮಪ್ರಸಾದ ತಗೊಂಡವರು, ಈ ಕಡೆಯೆಲ್ಲ ದ್ರಾಕ್ಷಿ ತೋಟ ಇದ್ದ ಕಾಲದಲ್ಲಿ ಒಂದೇ ಬೇಲಿ ಹಾರಿ ಒಂದೇ ಕೋಲಲ್ಲಿ ಏಟು ತಿಂದವರು. ರಾಯಪ್ಪ ಅಂದ್ರೆ ನಮ್ಮಲ್ಲಿ ಸಂತ ಪೇತ್ರರ ಹೆಸರು, ಸ್ವರ್ಗದ ಬೀಗದ ಕೈ ಇಟ್ಕೊಂಡಿರೋರು. ಅದೊಂದು ಜಂಬ ಅವನಿಗೆ. ನಿನ್ನ ಒಳಗೆ ಬಿಡೋದೋ ಬೇಡ್ವೋ ಯೋಚ್ನೆ ಮಾಡ್ತೀನಿ ಕಣ್ಲಾ ಅಂತ ನನ್ನ ಆಟ ಆಡಿಸ್ತಿದ್ದ. ಅವನ ಹೆಂಡ್ತಿ ಲೂರ್ದಮ್ಮ ನಮ್ಮ ಮಾತಿಗೆಲ್ಲ ನಗ್ತಿದ್ಲು, ಆದ್ರೆ ಬಾಯಿ ಬಿಡ್ತಿರ್ಲಿಲ್ಲ. ನಮ್ಮಿಬ್ಬರ ಕೈಗೆ ಯಾವಾಗ್ಲೂ ಸಿಕ್ಕಿ ಒದ್ದಾಡ್ತಿದ್ದವನು ರಾಯಪ್ಪನ ಪಕ್ಕದ ಮನೆ ಇನ್ನಾಸಪ್ಪ. ಅವನು ತನ್ನ ನೆರಳು ಕಂಡ್ರೂ ಎರಡು ಸಲ ಶಿಲುಬೆ ಗುರುತು ಹಾಕ್ಕೊಳ್ಳೋ ಆಸಾಮಿ.

ನಮ್ಮ ಬೀದೀಲಿ ಒಂದು ಪದ್ಧತಿ ಇದೆ. ನಮ್ಮ ತಾತನ ಕಾಲದಿಂದ ನಡ್ಕೊಂಡು ಬಂದಿದೆ. ಮೇ ತಿಂಗಳು ಮಾತೆ ಮರಿಯಮ್ಮನವರ ತಿಂಗಳು. ಚರ್ಚಿನಿಂದ ಅಮ್ಮನ ಸುರೂಪ, ಅಂದ್ರೆ ಪ್ರತಿಮೆ, ಹೊರಡುತ್ತೆ. ಮಗು ಎತ್ಕೊಂಡಷ್ಟು ಭಾರ, ನೀಲಿ ಹೊದಿಕೆ, ಗುಲಾಬಿ ಕೆನ್ನೆ. ದಿನಕ್ಕೊಂದು ಮನೇಲಿ ಇರ್ತಾರೆ ಅಮ್ಮ. ಸಂಜೆ ಆ ಮನೇಲಿ ಜಪಸರದ ಪ್ರಾರ್ಥನೆ, ಆಮೇಲೆ ಕಡ್ಲೆಪುರಿ, ಪಾನಕ. ಆದ್ರೆ ಒಂದು ಮನೆಯವರು ಅಮ್ಮನನ್ನ ತಾವಾಗೇ ಎತ್ಕೊಂಡು ಹೋಗಿ ಇನ್ನೊಂದು ಮನೆಗೆ ಬಿಟ್ಟು ಬರೋ ಹಂಗಿಲ್ಲ. ಪಕ್ಕದ ಮನೆಯವರು ಬರಿಗಾಲಲ್ಲಿ, ಮೇಣದಬತ್ತಿ ಹಚ್ಕೊಂಡು ಬಂದು, ಗೇಟಲ್ಲಿ ನಿಂತು ಕೇಳ್ಬೇಕು. ಒಳಗಿರೋರು ಮೂರು ಪ್ರಶ್ನೆ ಹಾಕ್ತಾರೆ. ಯಾರು ಬಂದಿದೀರಾ? ಯಾಕೆ ಬಂದಿದೀರಾ? ಮನೇಲಿ ಜಾಗ ಇದೆಯಾ? ಮೂರನೇದಕ್ಕೆ, ಅಮ್ಮನಿಗಿಲ್ಲದ ಜಾಗ ಇನ್ಯಾರಿಗೆ ಅನ್ನಬೇಕು. ಬೆತ್ಲೆಹೇಮಿನಲ್ಲಿ ತುಂಬು ಬಸುರಿಗೆ ಯಾರೂ ಜಾಗ ಕೊಡ್ಲಿಲ್ಲವಲ್ಲ, ಆ ತಪ್ಪು ನಮ್ಮ ಬೀದೀಲಿ ಆಗ್ಬಾರ್ದು ಅಂತ ಹಿರಿಯರು ಇಟ್ಟಿದ್ದು. ಕೇಳೋರು ಬರೋ ತನಕ ಅಮ್ಮ ಇದ್ದಲ್ಲೇ ಇರ್ತಾರೆ.

ಇನ್ನಾಸಪ್ಪ ಕೇಳಕ್ಕೆ ಬಂದಾಗ ರಾಯಪ್ಪ ಮೂರಕ್ಕೆ ನಿಲ್ಲಿಸ್ತಿರ್ಲಿಲ್ಲ. ಮನೇಲಿ ಜಾಗ ಇದೆಯಾ, ಅಥವಾ ಎಲ್ಲಾ ಜಾಗದಲ್ಲೂ ನಿನ್ನ ಹೆಂಡ್ತಿನೇ ಕೂತಿದಾಳಾ? ನಿನ್ನೆ ರಾತ್ರಿ ಹೆಂಡ್ತಿ ಕೈಲಿ ಎಷ್ಟು ಬೈಸ್ಕೊಂಡೆ? ಮೇಣ ಕೈ ಮೇಲೆ ಸುರೀತಿದ್ರೂ ಪಾಪ ನಿಂತ್ಕೊಂಡು ಎಲ್ಲಾದಕ್ಕೂ ಉತ್ತರ ಕೊಡ್ತಿದ್ದ. ಹಿಂದೆ ನಾನು ಮೈಕ್ ಹಿಡ್ಕೊಂಡು ಬೀದಿಗೆಲ್ಲಾ ಕೇಳಿಸ್ತಿದ್ದೆ.

ಮೊದಲನೇ ಅಲೇಲಿ ನಾವು ಕೊರೋನಾನ ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರ್ಲಿಲ್ಲ ಅನ್ನಿ. ಚರ್ಚು ಮುಚ್ಚಿದ್ದು ಮಾತ್ರ ಕರುಳು ಕಿತ್ತ ಹಂಗಾಯ್ತು. ಗರಿಗಳ ಭಾನುವಾರ ಗರಿ ಇಲ್ಲ, ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡೋ ಹಂಗಿಲ್ಲ. ಪೂಜೆ ಮೊಬೈಲಲ್ಲಿ ಬರ್ತಿತ್ತು. ಮದಲೇನಾ ಫೋನನ್ನ ಕುಕ್ಕರಿಗೆ ಒರಗಿಸಿ, ತಲೆ ಮೇಲೆ ಸೆರಗು ಹೊದ್ದು, ಮಂಡಿ ಊರ್ತಿದ್ಲು. ನಾನು ಬನಿಯನ್ನಲ್ಲಿ ಕೂತ್ರೆ ಎಬ್ಬಿಸಿ ಶರ್ಟ್ ಹಾಕಿಸ್ತಿದ್ಲು, ಫಾದರ್‌ಗೆ ನೀವು ಕಾಣ್ಸಲ್ಲ, ದೇವರಿಗೆ ಕಾಣ್ಸುತ್ತೆ ಅಂತ. ಸರಿಯಾಗಿ ಫಾದರ್ ಪೂಜೆಯ ರೊಟ್ಟಿ ಎತ್ತಿ ಹಿಡಿಯೋ ಹೊತ್ತಿಗೆ ಫ್ಲಾಟ್ ಬೇಕಾ ಸಾರ್ ಅಂತ ಫೋನ್ ಬರೋದು. ನಗು ಬರ್ತಿತ್ತು. ಪೂಜೆ ಮುಗಿದು ಫೋನ್ ಆಫ್ ಮಾಡಿದ್ಮೇಲೆ ಮನೇಲಿ ಒಂಥರಾ ಮೌನ ಆವರಿಸ್ತಿತ್ತು, ಅದಕ್ಕೆ ನನ್ನ ಹತ್ರ ಯಾವ ಜೋಕೂ ಇರ್ಲಿಲ್ಲ.

ಎರಡನೇ ಅಲೆ ಬಂದಾಗ ಯಾರೂ ನಗ್ಲಿಲ್ಲ. ಏರ್‌ಪೋರ್ಟ್ ರಸ್ತೆ ಖಾಲಿ, ಆಂಬುಲೆನ್ಸ್ ಸದ್ದು ಮಾತ್ರ. ಬಿಸಿಲಿಗೆ ಹೊಂಗೆ ಹೂವು ಬೀದಿ ತುಂಬಾ ಉದುರಿ ಬಿದ್ದಿತ್ತು, ತುಳಿಯೋ ಕಾಲುಗಳೇ ಇಲ್ಲದೆ ಹಂಗೇ ಹಾಸಿಗೆ ಥರ ಇತ್ತು. ನಮ್ಮ ಫಾದರ್ ಚಿಕ್ಕ ವಯಸ್ಸಿನವರು, ನನ್ನ ಕಣ್ಣಿಗೆ ಹುಡುಗ. ಬಂದ ಹೊಸದರಲ್ಲಿ ಅವರ ಬುಲೆಟ್ ಗಾಡಿ ಬಗ್ಗೆ ನಾನು ಮಾಡಿದ ತಮಾಷೆ ಒಂದೆರಡಲ್ಲ. ಅದೇ ಹುಡುಗ ಆ ದಿನಗಳಲ್ಲಿ ಬಿಳೀ ಪ್ಲಾಸ್ಟಿಕ್ ಸೂಟ್ ಹಾಕ್ಕೊಂಡು ಮನೆ ಮನೆಗೆ ಹೋಗಿ, ಉಸಿರು ಎಳೀತಿರೋರ ಹಣೆಗೆ ಕೊನೇ ಸಂಸ್ಕಾರದ ಎಣ್ಣೆ ಹಚ್ಚಿ ಬರ್ತಿದ್ರು. ನಾನು ಬುಲೆಟ್ ಜೋಕು ಅಲ್ಲಿಗೇ ಬಿಟ್ಟೆ.

ಅವರೇ ಹೇಳಿದ್ದು, ಜನ ಚರ್ಚಿಗೆ ಬರಕ್ಕಾಗಲ್ಲ ಅಂದ್ರೆ ಅಮ್ಮನೇ ಜನರ ಮನೆಗೆ ಹೋಗ್ಲಿ ಅಂತ. ಮೆರವಣಿಗೆ ಇಲ್ಲ, ಪಾನಕ ಇಲ್ಲ. ಬೆಳಿಗ್ಗೆ ಹಾಲು ತರಕಾರಿಗೆ ಬಿಡೋ ಹೊತ್ತಲ್ಲಿ ಪಕ್ಕದ ಮನೆಯವರು ಒಬ್ಬರು ಮಾಸ್ಕ್ ಹಾಕ್ಕೊಂಡು ಬಂದು ಅಮ್ಮನನ್ನ ಕೇಳಿ ತಗೊಂಡು ಹೋಗೋದು. ಸಂಜೆ ಚರ್ಚಿನ ಸ್ಪೀಕರ್‌ನಲ್ಲಿ ಫಾದರ್ ಜಪಸರ ಹೇಳೋದು, ನಾವೆಲ್ಲಾ ನಮ್ಮ ನಮ್ಮ ಬಾಗಿಲಲ್ಲಿ ನಿಂತು ಉತ್ತರ ಹೇಳೋದು. ಮೊದಲನೇ ದಿನ ಆ ಸ್ಪೀಕರ್ ಕೊರ್ ಅಂತ ಎದ್ದು, ಬೀದಿ ಆ ತುದಿಯಿಂದ ಈ ತುದಿವರೆಗೂ ಧ್ವನಿಗಳು ಒಂದೊಂದೇ ಸೇರ್ಕೊಂಡಾಗ ನನ್ನ ಮೈ ಜುಂ ಅಂತು. ಮುಖ ಕಾಣ್ಸಲ್ಲ, ಧ್ವನಿ ಗುರುತು ಸಿಗುತ್ತೆ. ಜಪದ ಕೊನೇಲಿ, ನಮ್ಮ ಸಾವಿನ ಹೊತ್ತಲ್ಲೂ ನಮಗಾಗಿ ಬೇಡ್ಕೊಳ್ಳಿ ಅನ್ನೋ ಮಾತು ಬರುತ್ತೆ. ಚಿಕ್ಕಂದಿನಿಂದ ಅದನ್ನ ಓಡಿಸ್ಕೊಂಡು ಹೇಳ್ತಿದ್ದ ಬೀದಿ ಆ ತಿಂಗಳು ಅಲ್ಲಿಗೆ ಬಂದಾಗ ನಿಧಾನ ಆಗ್ತಿತ್ತು.

ಅಮ್ಮನನ್ನ ಕೊಡೋ ಮುಂಚೆ ಒಂದು ಸಲ, ತಗೊಂಡ ಮೇಲೆ ಒಂದು ಸಲ ಸ್ಯಾನಿಟೈಸರ್‌ನಲ್ಲಿ ಒರೆಸ್ತಿದ್ರು. ಯಾರೂ ಹೇಳಿಕೊಟ್ಟಿದ್ದಲ್ಲ. ಬಾಗಿಲ ಹಿಡಿ ಒರೆಸ್ತೀವಿ, ತರಕಾರಿ ಒರೆಸ್ತೀವಿ, ಅಮ್ಮನನ್ನ ಒರೆಸದೇ ಇರಕ್ಕಾಗುತ್ತಾ? ಪ್ಲಾಸ್ಟರ್ ಮೇಲಿನ ಬಣ್ಣ ಸ್ಪಿರಿಟ್‌ಗೆ ಬಿಡುತ್ತೆ ಅನ್ನೋದು ಯಾರ ತಲೆಗೂ ಹೊಳೀಲಿಲ್ಲ. ಅಮ್ಮನ ಬೆರಳ ತುದಿ ಆಗ್ಲೇ ಬೆಳ್ಳಗಾಗಿತ್ತು. ಅಮ್ಮನವರೂ ಕೈ ತೊಳೆದು ತೊಳೆದು ಹಿಂಗಾಗಿದಾರೆ ಅಂತ ನಾನು ನಗಿಸ್ತಿದ್ದೆ.

ಅಮ್ಮ ರಾಯಪ್ಪನ ಮನೆಗೆ ಬಂದ ದಿನವೇ ಅವನಿಗೆ ಉಸಿರು ಸಾಲದೇ ಹೋಯ್ತು. ಬೆಳಿಗ್ಗೆ ಬರೀ ನೆಗಡಿ ಅಂದವನು ಮಧ್ಯಾಹ್ನಕ್ಕೆ ಮಾತಾಡಕ್ಕಾಗದೆ ಗೋಡೆ ಹಿಡ್ಕೊಂಡಿದ್ದ. ನಾನೂ ಫಾದರ್ರೂ ಸೇರಿ ಆಸ್ಪತ್ರೆ ಆಸ್ಪತ್ರೆಗೆ ಫೋನ್ ಮಾಡಿದ್ವಿ. ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ. ನಗರ, ಯಾವ ಕಡೆನೂ ಬಿಡ್ಲಿಲ್ಲ. ಜಾಗ ಇದೆಯಾ ಸಾರ್? ಒಂದು ಬೆಡ್, ಜಾಗ ಇದೆಯಾ ಅಮ್ಮಾ? ವರ್ಷ ವರ್ಷ ಗೇಟಲ್ಲಿ ನಿಂತು ಆಟದ ಥರ ಕೇಳ್ತಿದ್ದ ಮಾತನ್ನ ಅವತ್ತು ಇಡೀ ಊರಿಗೆ ಕೇಳಿದೆ. ಪಾಪ, ಆ ಕಡೆಯವರೂ ಅಳೋ ಧ್ವನೀಲೇ ಇಲ್ಲ ಅಂತಿದ್ರು. ಸಂಜೆ ಹೊತ್ತಿಗೆ ಫಾದರ್ ಹೆಂಗೋ ಒಂದು ಕಡೆ ಬೆಡ್ ಹಿಡಿದ್ರು.

ಆಂಬುಲೆನ್ಸ್ ಬಂದು ಅವನನ್ನ ಕರ್ಕೊಂಡು ಹೋಗುವಾಗ ನಾನು ಎದುರು ಫುಟ್‌ಪಾತಲ್ಲಿ ನಿಂತಿದ್ದೆ. ಮುಖಕ್ಕೆ ಆಕ್ಸಿಜನ್ ಮಾಸ್ಕ್, ಮಾತಾಡೋ ಹಂಗಿಲ್ಲ. ಹತ್ತೋ ಮುಂಚೆ ತಲೆ ತಿರುಗ್ಸಿ ನೋಡಿದ. ಪಕ್ಕದ ಮನೆ ಕಿಟಕಿ ಪರದೆ ಸಂದೀಲಿ ಇನ್ನಾಸಪ್ಪನ ಅರ್ಧ ಮುಖ. ರಾಯಪ್ಪ ಬೆರಳೆತ್ತಿ, ಬಾರೋ ನೀನೂ ಅನ್ನೋ ಥರ ಅವನನ್ನ ಕರೆದ. ಕಿಟಕಿ ಧಡ್ ಅಂತ ಮುಚ್ಕೊಳ್ತು. ರಾಯಪ್ಪ ನನ್ನ ಕಡೆ ತಿರುಗಿ ಕಣ್ಣು ಹೊಡೆದ.

ಅದೇ ಕೊನೆ.

ಲೂರ್ದಮ್ಮನಿಗೂ ಪಾಸಿಟಿವ್ ಬಂತು, ಜ್ವರ ಅಷ್ಟೇ. ಗೇಟಿಗೆ ಟೇಪ್ ಕಟ್ಟಿದ್ರು. ಒಳಗೆ ಅವಳು ಮತ್ತೆ ಅಮ್ಮ. ಮಕ್ಕಳಿಲ್ಲ ಅವರಿಗೆ. ಮದಲೇನಾ ಗಂಜಿ ಮಾಡಿ ಕ್ಯಾರಿಯರ್‌ಗೆ ಹಾಕಿ ಕೊಡ್ತಿದ್ಲು, ನಾನು ಗೇಟಿನ ಮೇಲಿಟ್ಟು ಕೂಗಿ ಬರ್ತಿದ್ದೆ. ರಾಯಪ್ಪ ಹೋದ ಸುದ್ದಿ ಹೇಳಿದ್ದೂ ಆ ಗೇಟಿಂದಲೇ. ಅವಳು ಬಾಗಿಲಲ್ಲಿ ನಿಂತಿದ್ಲು, ನಾನು ರಸ್ತೇಲಿ. ಒಂದು ಹೆಗಲು ಕೊಡಕ್ಕೂ ಆಗದಷ್ಟು ದೂರ. ಅವಳು ಅಳ್ಲಿಲ್ಲ. ಎಣ್ಣೆ ಹಚ್ಚಿದ್ರಾ ಅಂತ ಕೇಳಿದ್ಲು. ಫಾದರ್ ಆಸ್ಪತ್ರೆ ಒಳಗೆ ಹೋಗಿ ಹಚ್ಚಿ ಬಂದ್ರು ಅಂದೆ. ಹೂಂ ಅಂದು ಬಾಗಿಲು ಹಾಕ್ಕೊಂಡ್ಲು.

ಮಣ್ಣು ಮಾಡೋ ದಿನ ಫಾದರ್ ಜೊತೆ ಚರ್ಚಿನ ಹುಡುಗರು ಪ್ಲಾಸ್ಟಿಕ್ ಸೂಟಲ್ಲಿ ಬಂದಿದ್ರು. ಯಾರು ಯಾರು ಅಂತ ಗುರುತೇ ಸಿಗ್ಲಿಲ್ಲ. ನಾನು ಕಾಂಪೌಂಡ್ ಆಚೆ ನಿಂತು ನೋಡ್ದೆ. ಬ್ಯಾಂಡ್ ಇಲ್ಲ, ಹೂವಿಲ್ಲ, ಬೀದಿಯವರಿಲ್ಲ. ಇಡೀ ಬೀದೀನ ನಗಿಸಿದವನು ಹಂಗೆ ಹೋದ.

ಕೆಲವು ವಾರ ಆದ್ಮೇಲೆ ಲೂರ್ದಮ್ಮನ ಗೇಟಿನ ಟೇಪ್ ತೆಗೆದ್ರು. ಮತ್ತೆ ಟೆಸ್ಟ್ ಮಾಡಿ ನೆಗೆಟಿವ್ ಅಂದ್ರು. ಡಾಕ್ಟರ್ ನೆಗೆಟಿವ್ ಅಂದ್ರೂ ಬೀದಿ ಇನ್ನೂ ಪಾಸಿಟಿವ್ ಅಂತಲೇ ನೋಡ್ತಿತ್ತು. ಅವಳ ಮನೆ ಮುಂದೆ ಬಂದ್ರೆ ಜನ ಆ ಕಡೆ ಫುಟ್‌ಪಾತಿಗೆ ದಾಟ್ತಿದ್ರು. ಅಮ್ಮನನ್ನ ಕೇಳಕ್ಕೆ ಬರ್ಬೇಕಾಗಿದ್ದು ಇನ್ನಾಸಪ್ಪ. ಬರ್ಲಿಲ್ಲ. ಅವನನ್ನ ಪೂರ್ತಿ ಬೈಯಕ್ಕೂ ಆಗಲ್ಲ, ಮಗಳು ಶೀಲಾ ಹೆರಿಗೆಗೆ ಅಂತ ಮನೆಗೆ ಬಂದಿದ್ಲು, ದಿನ ತುಂಬ್ತಾ ಇತ್ತು. ಅವನ ಆಚೆ ಮನೆಯವರೂ ಸುಮ್ಮನಿದ್ರು, ಇನ್ನಾಸಪ್ಪ ತರದೇ ನಾವು ಹೆಂಗೆ ಕೇಳೋದು ಅಂತ. ಫೋನಿನ ಗ್ರೂಪಲ್ಲಿ ಯಾರೋ ಒಬ್ರು, ಚರ್ಚಿನಲ್ಲಿ ಇನ್ನೊಂದು ಸುರೂಪ ಇದೆಯಲ್ಲ, ಅದನ್ನ ತಂದು ಇನ್ನಾಸಪ್ಪನ ಮನೆಯಿಂದ ಶುರು ಮಾಡೋಣ ಅಂತ ಹಾಕಿದ್ರು. ಟಪಟಪ ಅಂತ ಕೈ ಮುಗಿಯೋ ಚಿತ್ರ ಬಿದ್ವು. ಅದನ್ನ ಲೂರ್ದಮ್ಮನೂ ನೋಡಿರ್ತಾಳೆ, ಅವಳೂ ಆ ಗ್ರೂಪಲ್ಲೇ ಇದಾಳೆ. ಫಾದರ್ ಮಾತ್ರ, ಅಮ್ಮ ಎಲ್ಲಿದಾರೋ ಅಲ್ಲಿಂದಲೇ ಹೊರಡ್ಬೇಕು, ನಾನು ಇನ್ನೊಂದು ಕೊಡಲ್ಲ ಅಂತ ಬರೆದ್ರು. 

ಮದಲೇನಾ ನನ್ನ ಮುಖ ನೋಡಿ, ನೀವು ಹೋಗಿ ತಗೊಂಡು ಬನ್ರೀ ಅಂದ್ಲು. ಮೇಣದಬತ್ತಿನೂ ಅವಳೇ ಹಚ್ಚಿ ಕೊಟ್ಲು. ಬರಿಗಾಲಲ್ಲಿ ಹೋಗಿ ಗೇಟಲ್ಲಿ ನಿಂತು ಕೂಗ್ದೆ. ಲೂರ್ದಮ್ಮ ಬಾಗಿಲಿಗೆ ಬಂದು ನನ್ನ ಕೈಲಿದ್ದ ಬತ್ತಿ ನೋಡಿ ತಲೆ ಆಡಿಸಿದ್ಲು.

"ಬೇಡ ಚೌರಣ್ಣ. ನೀವು ಬಂದೇ ಬರ್ತೀರಾ, ನಂಗೊತ್ತು. ನೀವು ತಗೊಂಡ್ರೆ, ಪಕ್ಕದ ಮನೆಯವರು ನನ್ನನ್ನ ಬಿಟ್ಟುಬಿಟ್ರು ಅಂತಲೇ ಆಗುತ್ತೆ. ನಾಳೆ ಚರ್ಚು ತೆಗೆದಾಗ ನಾನು ಯಾವ ಬೆಂಚಲ್ಲಿ ಹೋಗಿ ಕೂರ್ಲಿ?"

ನಾನು ಏನೋ ಒಂದು ತಮಾಷೆ ಹುಡುಕ್ತಾ ಇದ್ದೆ. ಅಷ್ಟರಲ್ಲಿ ಅವಳು, ಒಂದ್ನಿಮಿಷ ಇರಿ ಅಂತ ಒಳಗೆ ಹೋಗಿ ಅಮ್ಮನನ್ನ ಎತ್ಕೊಂಡು ಬಂದ್ಲು. ಬಿಳೀ ಟವಲಲ್ಲಿ ಸುತ್ತಿದ್ಲು, ಆಗ ತಾನೇ ಸ್ನಾನ ಮಾಡಿಸಿದ ಮಗೂನ ಸುತ್ತೋ ಹಂಗೆ.

"ಅವರಿಗೆ ಹೇಳಿ ಅಣ್ಣ, ದಿನಾ ಒರೆಸಿದೀನಿ. ಬೆಳಿಗ್ಗೆ ಸ್ಯಾನಿಟೈಸರ್, ಸಂಜೆ ಡೆಟ್ಟಾಲ್, ಬಿಸಿಲಲ್ಲೂ ಇಟ್ಟಿದ್ದೆ. ಏನೂ ಉಳ್ದಿಲ್ಲ. ಭಯ ಬೇಡ ಅಂತ ಹೇಳಿ."

ಟವಲ್ ಸರಿಸಿದ್ಲು. ನೀಲಿ ಹೊದಿಕೆ ಗೆರೆ ಗೆರೆಯಾಗಿ ಬಿಳುಪಾಗಿತ್ತು. ಅದಲ್ಲ ನಾನು ನೋಡಿದ್ದು. ಮುಖ ಇರ್ಲಿಲ್ಲ. ಮೂಗಿನ ಏರು ಇದೆ, ತುಟಿಯ ಉಬ್ಬು ಇದೆ, ಆದ್ರೆ ಕಣ್ಣಿಲ್ಲ, ಹುಬ್ಬಿಲ್ಲ, ಕೆನ್ನೆ ಬಣ್ಣ ಇಲ್ಲ. ಸುಣ್ಣದ ಗೋಡೆ ಥರ ಬೋಳು ಬಿಳಿ. ಉಜ್ಜಿ ಉಜ್ಜಿ ಎಲ್ಲಾ ತೆಗೆದುಬಿಟ್ಟಿದ್ಲು. ಅದು ಅವಳಿಗೆ ಗೊತ್ತಿರ್ಲಿಲ್ವಾ ಅಂದ್ರೆ, ಗೊತ್ತಿತ್ತು. ಬಣ್ಣ ಹೋಗೋದನ್ನ ನೋಡ್ತಾನೇ ಒರೆಸಿದಾಳೆ. ಬಣ್ಣ ಹೋದ್ರೂ ಹೋಗ್ಲಿ, ಮನೇಲಿದ್ದ ರೋಗ ಹೋಗಿದೆ ಅಂತ ನಾಲ್ಕು ಜನ ನಂಬ್ಲಿ ಅಂತ.

 

ಅಲ್ಲಿಂದ ಸೀದಾ ಇನ್ನಾಸಪ್ಪನ ಕಿಟಕಿ ಹತ್ರ ಹೋದೆ. ಅವನು ಸರಳಿನ ಹಿಂದೆ ಎರಡು ಮಾಸ್ಕ್ ಹಾಕ್ಕೊಂಡು ನಿಂತಿದ್ದ. ನಾನು ಲೂರ್ದಮ್ಮನ ಗೇಟಲ್ಲಿ ನಿಂತಿದ್ದನ್ನ ನೋಡಿದಾನೆ ಅಂತ ಕಾಣುತ್ತೆ.

"ಇನ್ನಾಸಾ, ಅಮ್ಮನ ಮುಖ ಹೋಗೈತೆ ಕಣ್ಲಾ" ಅಂದೆ.

"ಓಗ್ಲಾ ಅತ್ಲಾಗೆ. ಬೆಳಿಗ್ಗೆ ಬೆಳಿಗ್ಗೆ ನಿಂಗೆ ಇನ್ಯಾರೂ ಸಿಗ್ಲಿಲ್ವಾ?"

"ಕಣ್ಣಿಲ್ಲ, ಬಾಯಿಲ್ಲ. ಲೂರ್ದಮ್ಮ ತೊಳ್ದು ತೊಳ್ದು ತೆಗ್ದವ್ಳೆ."

ಅವನು ನಕ್ಕ. ಎಷ್ಟು ವರ್ಷದ ಅಭ್ಯಾಸ ಅದು, ಮೊದಲು ನಕ್ಕು ಆಮೇಲೆ ಹುಷಾರಾಗೋದು. ಇದ್ರಲ್ಲಿ ಏನೋ ಐತೆ, ಇಂಗೆಲ್ಲಾ ಏಳಿ ನನ್ನ ಈಚೆ ಎಳೀತೀಯಾ, ವಿಡಿಯೋ ತೆಗೆಯಕ್ಕೆ ಫೋನ್ ಎಲ್ಲಿ ಮಡಗಿದೀಯಾ ಅಂತ ನನ್ನ ಜೇಬು, ನನ್ನ ಹಿಂದೆ, ಮರದ ಬುಡ ಎಲ್ಲಾ ಕಣ್ಣಲ್ಲೇ ಹುಡುಕ್ದ.  ಹುಡುಕಿ ಹುಡುಕಿ ಅವನ ಕಣ್ಣು ಕೊನೆಗೆ ನನ್ನ ಮುಖಕ್ಕೆ ಬಂತು. ಅಲ್ಲಿ ಏನು ಕಂಡ್ನೋ, ನಗು ನಿಲ್ತು.

"ಯಾಕ್ಲಾ ತೊಳ್ದ್ಲು?"

"ನೀನ್ ಬರ್ಲಿ ಅಂತ."

ಅವನು ಕಿಟಕಿ ಮುಚ್ಚಲಿಲ್ಲ. ಒಳಗೂ ಹೋಗ್ಲಿಲ್ಲ.  ನಾನೇ ಮನೆಗೆ ಬಂದೆ. ಮೇಣದಬತ್ತಿ ಕೈಯಲ್ಲೇ ಆರಿಹೋಗಿತ್ತು.

ಮಾರನೇ ದಿನ ಹಾಲಿನವನು ಹೋದ ಮೇಲೆ ಮದಲೇನಾ ಓಡಿ ಬಂದು, ರೀ ಎದ್ದೇಳಿ, ನೋಡಿ ಅಂತ ಎಬ್ಬಿಸಿದ್ಲು. ಇನ್ನಾಸಪ್ಪ ಬೀದೀಲಿ ನಿಂತಿದ್ದ. ಎರಡು ಮಾಸ್ಕು, ಮೇಲೆ ಗಾಜಿನ ಥರದ ಶೀಲ್ಡು, ಕೈಗೆ ಗ್ಲೌಸು, ಮೈಗೆ ರೈನ್‌ಕೋಟು. ಚಂದ್ರನ ಮೇಲೆ ಇಳಿಯೋ ಹಂಗೆ ಬಂದಿದ್ದ. ಕಾಲು ಮಾತ್ರ ಬರಿಗಾಲು. ಕೈಲಿ ಮೇಣದಬತ್ತಿ. ಹಿಂದೆ ಅವನ ಬಾಗಿಲಲ್ಲಿ ಶೀಲಾ ಹೊಟ್ಟೆ ಮೇಲೆ ಕೈ ಇಟ್ಕೊಂಡು ನಿಂತು ನೋಡ್ತಿದ್ಲು. ಬೀದೀಲಿ ಒಂದೊಂದೇ ಬಾಗಿಲು ತೆರ್ಕೊಳ್ತು. 

ಲೂರ್ದಮ್ಮ ಅಮ್ಮನನ್ನ ಎತ್ಕೊಂಡು ಮೆಟ್ಟಲಿಳಿದು ಬಂದ್ಲು. ಯಾರು ಬಂದಿದೀರಾ ಅಂತ ಕೇಳಿದ್ಲು. ಪಕ್ಕದ ಮನೆಯವನು ಅಂದ. ಯಾಕೆ ಬಂದಿದೀರಾ ಅಂದ್ಲು. ಅಮ್ಮನ್ನ ಕರ್ಕೊಂಡು ಓಗಕ್ಕೆ ಅಂದ. ಆಮೇಲೆ ಅವಳು ಶೀಲಾ ಕಡೆ ನೋಡಿದ್ಲು.

"ಬೇಡ ಇನ್ನಾಸಣ್ಣ. ಮನೇಲಿ ಬಸುರಿ ಇದಾಳೆ. ನೀವು ಬಂದಿರಲ್ಲ, ಅಷ್ಟೇ ಸಾಕು ನಂಗೆ."

"ಮೂರನೇದು ಕೇಳಮ್ಮ" ಅಂದ ಇನ್ನಾಸಪ್ಪ.  "ಮೂರನೇದು ಕೇಳು."

ಅವಳು ಕೇಳಿದ್ದು ನಮಗೆ ಕೇಳಿಸಲೇ ಇಲ್ಲ, ತುಟಿ ಆಡಿದ್ದು ಕಾಣಿಸ್ತು. ಮನೇಲಿ ಜಾಗ ಇದೆಯಾ?

"ಅಮ್ಮನಿಗಿಲ್ಲದ ಜಾಗ ಇನ್ಯಾರಿಗೆ" ಅಂದ ಅವನು. ಮೇಣದಬತ್ತೀನ ಗೇಟಿನ ಕಂಬದ ಮೇಲೆ ಅಂಟಿಸ್ದ. ಆಮೇಲೆ ಆ ಪುಕ್ಕಲು ಇನ್ನಾಸಪ್ಪ, ನೆರಳು ಕಂಡ್ರೆ ಶಿಲುಬೆ ಗುರುತು ಹಾಕೋ ಇನ್ನಾಸಪ್ಪ, ಎರಡು ಗ್ಲೌಸನ್ನೂ ಬಿಚ್ಚಿ ಜೇಬಿಗೆ ತುರುಕಿ, ಬರಿಗೈ ಚಾಚಿದ. ಲೂರ್ದಮ್ಮ ಅಮ್ಮನನ್ನ ಆ ಕೈಗಿಟ್ಟಳು. ಇಡುವಾಗ ಇಬ್ಬರ ಬೆರಳೂ ತಾಗಿದ್ವು. ಗಂಡನನ್ನ ಆಂಬುಲೆನ್ಸಿಗೆ ಹತ್ತಿಸಿದ ದಿನದಿಂದ ಅವಳನ್ನ ಇನ್ನೊಬ್ಬ ಮನುಷ್ಯ ಬರಿಗೈಲಿ ಮುಟ್ಟಿದ್ದು ಅದೇ ಮೊದಲು. ಅವಳು ಅಲ್ಲೇ ಮೆಟ್ಟಲ ಮೇಲೆ ಕೂತು ಅತ್ತಳು, ಅವತ್ತು ಗೇಟಲ್ಲಿ ಸುದ್ದಿ ಹೇಳಿದಾಗ ಅಳದೇ ಇದ್ದಿದ್ದನ್ನೆಲ್ಲಾ.

ಅವತ್ತು 'ಇನ್ನಾಸಾ, ನಿನ್ನ ಹೆಂಡ್ತಿ ಜಾಗ ಬಿಟ್ಟಳಾ' ಅಂತ ಕೂಗಕ್ಕೆ ರಾಯಪ್ಪ ಇರ್ಲಿಲ್ಲ. ನಾನಿದ್ದೆ. ಕೂಗ್ಲಿಲ್ಲ.

ಶೀಲಾಗೆ ಹೆಣ್ಣು ಮಗು ಆಯ್ತು, ಆ ಮನೇಲಿ ಯಾರಿಗೂ ಏನೂ ಆಗ್ಲಿಲ್ಲ. ಇದನ್ನ ಪವಾಡ ಅಂತ ನಾನು ಹೇಳಲ್ಲ, ಭಯ ಇಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ರು. ಅಮ್ಮ ಮುಖ ಇಲ್ಲದೇನೇ ಉಳಿದ ಮನೆಗಳನ್ನೆಲ್ಲ ಸುತ್ತಿದ್ರು. ಮೇ ಮುಗಿದು ಜೂನ್ ಬಂದ್ರೂ ಯಾರೂ ತಮ್ಮ ಸರದಿ ಬಿಡ್ಲಿಲ್ಲ. ಒಬ್ಬರೂ ಮುಖದ ಬಗ್ಗೆ ಮಾತೆತ್ತಲಿಲ್ಲ, ಒಬ್ಬರೂ ಮತ್ತೆ ಸ್ಯಾನಿಟೈಸರ್ ಹಚ್ಚಲಿಲ್ಲ. ಚರ್ಚು ತೆಗೆದ ಮೊದಲನೇ ಭಾನುವಾರ ಲೂರ್ದಮ್ಮ ಬಂದು ಇನ್ನಾಸಪ್ಪನ ಹೆಂಡ್ತಿ ಪಕ್ಕ, ಅದೇ ಹಳೇ ಬೆಂಚಲ್ಲಿ ಕೂತ್ಲು.

ಆಮೇಲೆ ವರ್ಷಗಳು ಹೋದ್ವು. ಬೋಳು ಮುಖದ ಅಮ್ಮ ಅಂದ್ರೆ ಬೀದಿಗೆ ಒಂಥರಾ ಹೆಮ್ಮೆ ಆಗೋಯ್ತು. ಅಪಾರ್ಟ್‌ಮೆಂಟಿನ ಹೊಸಬರು ಬಂದು ಫೋಟೋ ತಗೋತಾರೆ. ಅಮ್ಮನ ಮುಖ ಏನಾಯ್ತು ತಾತ ಅಂತ ಕೇಳ್ತಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳಿದೀನಿ. ಒಬ್ಬಳಿಗೆ ಇದು ಪೋರ್ಚುಗೀಸರ ಕಾಲದ್ದು ಅಂದೆ. ಇನ್ನೊಬ್ಬನಿಗೆ, ನಾನು ಮಾಡಿದ ಪಾಪ ನಿವೇದನೆ ಕೇಳಿ ಹಿಂಗಾದ್ರು ಅಂದೆ, ಅವನು ಸ್ವಲ್ಪ ನಂಬಿದ ಅಂತ ಕಾಣುತ್ತೆ. ನಿಜ ಯಾರಿಗೂ ಹೇಳ್ಲಿಲ್ಲ, ಅದು ಲೂರ್ದಮ್ಮನ ಸ್ವತ್ತು. ಅವಳೂ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡು ಸುಮ್ಮನಿರ್ತಿದ್ಲು. ಈಗ ಬರೀತಿರೋದೂ ಅವಳನ್ನ ಕೇಳ್ಕೊಂಡೇ.

ಈ ಸಲ ಮೇ ಹತ್ರ ಬಂದಾಗ ಹುಡುಗರು ಸಭೇಲಿ, ಅಮ್ಮನಿಗೆ ಬಣ್ಣ ಹಾಕ್ಸೋಣ ಅಂದ್ರು. ನಾವು ಮುದುಕರೆಲ್ಲಾ ಮೇಲೆ ಬಿದ್ವಿ. ಅದು ನಮ್ಮ ಗುರುತು, ನಮ್ಮ ಚರಿತ್ರೆ, ಮುಟ್ಟಿದ್ರೆ ಹುಷಾರ್ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ. ಇನ್ನಾಸಪ್ಪ ನನ್ನ ಪಕ್ಕ ನಿಂತು ಹೌದೌದು ಅಂದ, ಜೀವನದಲ್ಲಿ ಮೊದಲ್ನೇ ಸಲ. ಸಭೇಲಿ ಎಂದೂ ಬಾಯಿ ಬಿಡದ ಲೂರ್ದಮ್ಮ ಎದ್ದು ನಿಂತ್ಲು.

"ಅದನ್ನ ಹಂಗೆ ಮಾಡಿದ್ದು ನಾನು" ಅಂದ್ಲು. "ನಿಮಗೆ ಅದು ಗುರುತು. ಅಮ್ಮ ಮನೆಗೆ ಬಂದ ದಿನ ನಾನು ಒಬ್ಬಳೇ ಕೂತು ಜಪ ಹೇಳುವಾಗ ಅವರು ನನ್ನ ನೋಡಲ್ಲ. ಇಷ್ಟು ವರ್ಷ ಆಯ್ತು. ಕಣ್ಣು ಬರೆಸಿ ಕೊಡಿ."

ಕೂತ್ಕೊಂಡ್ಲು. ಸಭೆ ಅಲ್ಲಿಗೆ ಮುಗೀತು.

ಅದಕ್ಕೇ ಈಗ ನಮ್ಮ ಜಗಲಿ ಮೇಲೆ ಈ ಘಾಟು. ಯಲಹಂಕ ಕಡೆಯ ಪೇಂಟರ್ರು, ಗಣೇಶನ ಹಬ್ಬದಲ್ಲಿ ಗಣಪತಿಗೆ ಬಣ್ಣ ಹಾಕೋನು, ಕೈ ಪಳಗಿದವನು. ಹೊದಿಕೆ ಆಯ್ತು, ಕೆನ್ನೆ ಆಯ್ತು, ಕಣ್ಣು ಕೊನೇಗೆ ಉಳಿಸ್ಕೊಂಡಿದ್ದ. ಇವತ್ತು ಬೆಳಿಗ್ಗೆ ಕುಂಚ ಹಿಡ್ಕೊಂಡು, ಮೊದಲು ಎತ್ಲಾಗೆ ನೋಡ್ತಿದ್ರು ಸಾರ್ ಅಂತ ಕೇಳ್ದ.  ನನ್ನ ಮೊಣಕಾಲು ಹೆಂಗಿದೆ ಅಂತ ದೇವರಿಗೇ ಗೊತ್ತು, ಆದ್ರೂ ಅಮ್ಮನ ಮುಂದೆ ನೆಲದ ಮೇಲೆ ಮಂಡಿ ಊರಿ ಕೂತು ತೋರಿಸ್ದೆ. ಹಿಂಗೆ ಕೂತವರ ಕಡೆ ನೋಡ್ತಿದ್ರು ಅಂದೆ. ಅವನು ನನ್ನ ಮುಖ, ಅಮ್ಮನ ಮುಖ ಅಳೆದು ನೋಡಿ ಬರೆದ.

ಈ ವರ್ಷ ಅಮ್ಮ ಹೊರಡೋದು ನಮ್ಮನೆಯಿಂದಲೇ. ಮೊದಲ ಮನೆ ಲೂರ್ದಮ್ಮಂದು ಅಂತ ಬೀದಿಯವರೇ ಬಿಟ್ಟುಕೊಟ್ರು. ಸಂಜೆ ಬಿಸಿಲು ಇಳಿದ ಮೇಲೆ ಅವಳು ಬರಿಗಾಲಲ್ಲಿ ಮೇಣದಬತ್ತಿ ಹಿಡ್ಕೊಂಡು ಗೇಟಲ್ಲಿ ಬಂದು ನಿಂತ್ಲು. ನಾನು ಗಂಟಲು ಸರಿ ಮಾಡ್ಕೊಂಡೆ. ರಾಯಪ್ಪನ ಥರ ಹೆಚ್ಚುವರಿ ಪ್ರಶ್ನೆ ಎರಡು ದಿನದಿಂದ ತಯಾರು ಮಾಡಿ ಇಟ್ಟಿದ್ದೆ.

ಯಾರು ಬಂದಿದೀರಾ ಅಂದೆ, ಹೇಳಿದ್ಲು. ಯಾಕೆ ಬಂದಿದೀರಾ ಅಂದೆ, ಹೇಳಿದ್ಲು.

"ಮನೇಲಿ ಜಾಗ ಇದೆಯಾ?"

"ನಮ್ಮನೆಯವರ ಜಾಗ ಖಾಲಿ ಇದೆಯಲ್ಲ ಚೌರಣ್ಣ" ಅಂದ್ಲು.

ಪದ್ಧತಿ ಮಾತು ಅದಲ್ಲ. ತಿದ್ದಕ್ಕೆ ನನ್ನ ಕೈಲಿ ಆಗ್ಲಿಲ್ಲ. ತಯಾರಿ ಮಾಡಿದ್ದ ಪ್ರಶ್ನೆಗಳನ್ನೂ ನುಂಗ್ಕೊಂಡೆ. ಅಮ್ಮನನ್ನ ಅವಳ ಕೈಗೆ ಕೊಟ್ಟು, "ಈ ಸಲ ಒರೆಸ್ಬೇಡ ತಾಯಿ, ಪೇಂಟರ್ ಕೈಲಿ ಬೈಸ್ಕೊಳ್ಳೋನು ನಾನು" ಅಂದೆ. ನಕ್ಕಳು. ಅದೇ ಹಳೇ ನಗು, ಬಾಯಿ ಬಿಡದ ನಗು.

ನಮ್ಮ ಬೀದಿ ಗುಂಡಿಗಳು ನಿಮಗೆ ಗೊತ್ತಲ್ಲ. ದಾರಿ ನೋಡ್ಕೊಂಡು ನಡಿ ಅಂತ ಹಿಂದಿನಿಂದ ಕೂಗ್ದೆ. ಅವಳು ದಾರಿ ನೋಡ್ಲಿಲ್ಲ. ಎದೆಗೆ ಅವಚಿಕೊಂಡಿದ್ದ ಆ ಮುಖಾನೇ ನೋಡ್ತಾ ನಡೆದ್ಲು. ಇನ್ನಾಸಪ್ಪ ಅವಳ ಮುಂದೆ ಮುಂದೆ ಓಡ್ತಾ, ಇಲ್ಲಿ ಗುಂಡಿ ಐತಮ್ಮ, ಇಲ್ಲಿ ಕಲ್ಲೈತಮ್ಮ ಅಂತ ದಾರಿ ತೋರಿಸ್ಕೊಂಡು ಹೋದ.